ಬ್ಯಾಂಕಿನ ಬಂಡವಾಳ: ಯಾರ ಹಣ, ಯಾರ ಹೊಣೆ?

ಹೊಲ ಕೊಳ್ಳುವವನು ಮಣ್ಣನ್ನು ಕೆದರಿ ನೋಡುತ್ತಾನೆ; ಎತ್ತು ಕೊಳ್ಳುವವನು ಹಲ್ಲು ಹಿಡಿದು ನೋಡುತ್ತಾನೆ; ಹೆಣ್ಣು ಕೊಡುವವನು ಮನೆತನವನ್ನು ವಿಚಾರಿಸುತ್ತಾನೆ. ಆದರೆ ಜೀವಮಾನವೆಲ್ಲ ದುಡಿದು ಗಳಿಸಿದ ಹಣವನ್ನು ಬ್ಯಾಂಕಿನಲ್ಲಿ ಇಡುವವನು ಮಾತ್ರ ಏನನ್ನೂ ನೋಡುವದಿಲ್ಲ. ಬಡ್ಡಿ ಎಷ್ಟೆಂದು ಕೇಳುತ್ತಾನೆ, ಕಟ್ಟಡದ ಎತ್ತರವನ್ನು ನೋಡಿ ಸಮಾಧಾನಪಡುತ್ತಾನೆ, ಮನೆಗೆ ಬರುತ್ತಾನೆ. ಈ ಬ್ಯಾಂಕಿನ ಒಡೆಯರು ತಮ್ಮ ಸ್ವಂತ ಗಂಟಿನಿಂದ ಹಾಕಿದ ಹಣವೆಷ್ಟು, ಅದರ ಮೇಲೆ ನಿಂತಿರುವ ಸಾಲದ ಮಾಳಿಗೆ ಎಷ್ಟು ಅಂತಸ್ತಿನದು ಎಂಬ ಪ್ರಶ್ನೆಯು ಅವನ ನಾಲಗೆಗೆ ಬರುವದೇ ಇಲ್ಲ. ಈ ಲೇಖನದ ವಿಷಯವು ಅದೊಂದೇ ಪ್ರಶ್ನೆ. ಇದು ಲೆಕ್ಕಪತ್ರ ಬಲ್ಲ ನಾಲ್ಕು ಜನರ ಗುಟ್ಟಲ್ಲ. ಪೌರನಾದ ಪ್ರತಿಯೊಬ್ಬನೂ ಕೇಳತಕ್ಕ ಮಾತು ಎಂಬದನ್ನು ವಾಚಕರ ಮುಂದೆ ಇಡುವದೇ ನಮ್ಮ ಉದ್ದೇಶ.

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ದೂರ ಮಾಡೋಣ. ಬ್ಯಾಂಕಿನ ಬಂಡವಾಳವೆಂದರೆ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಹಣವೆಂದು ಓದಿದವರೂ ಎಣಿಸುತ್ತಾರೆ. ಹಾಗಲ್ಲ. ಪೆಟ್ಟಿಗೆಯಲ್ಲಿರುವದು ನಗದು; ಬಂಡವಾಳವು ಬೇರೆ. ಬ್ಯಾಂಕಿನ ಆಸ್ತಿಯೆಂದರೆ ಅದು ಕೊಟ್ಟ ಸಾಲಗಳು, ಕೊಂಡ ಸರಕಾರೀ ಸಾಲಪತ್ರಗಳು, ಕೈಯಲ್ಲಿರುವ ನಗದು. ಈ ಆಸ್ತಿಯನ್ನು ಕೊಳ್ಳಲು ಹಣ ಬಂದದ್ದು ಎರಡು ಕಡೆಯಿಂದ: ಬಹುಪಾಲು ಠೇವಣಿದಾರರಿಂದ, ಸ್ವಲ್ಪ ಪಾಲುದಾರರಿಂದ. ಪಾಲುದಾರರು ಕೊಟ್ಟ ಹಣ, ಅದಕ್ಕೆ ವರುಷ ವರುಷ ಲಾಭದಿಂದ ಕೂಡಿಸಿದ ಮೀಸಲು ನಿಧಿ, ಇವೆರಡೂ ಸೇರಿದರೆ ಬಂಡವಾಳ. ಅದೂ ಸಾಲವಾಗಿ ಹೊರಗೆ ಹೋಗಿ ದುಡಿಯುತ್ತಲೇ ಇರುತ್ತದೆ. ಅದರ ವಿಶೇಷವೇನೆಂದರೆ, ನಷ್ಟವು ಬಂದಾಗ ಮೊದಲು ಕರಗುವದು ಅದು. ಅದು ಪೂರ್ತಿ ಕರಗಿದ ಬಳಿಕವೇ ಠೇವಣಿದಾರನ ಹಣಕ್ಕೆ ಕೈ ಬೀಳುವದು. ಊರಿಗೂ ಹೊಳೆಗೂ ನಡುವೆ ಇರುವ ಕಟ್ಟೆಯಂತೆ, ಠೇವಣಿದಾರನಿಗೂ ನಷ್ಟಕ್ಕೂ ನಡುವೆ ಇರುವ ಕಟ್ಟೆಯೇ ಬಂಡವಾಳ.

ಆ ಕಟ್ಟೆಯ ಎತ್ತರವನ್ನು ಅಳೆಯುವದು ಹೇಗೆ? ಇಲ್ಲಿ ಎರಡು ಅಳತೆಗೋಲುಗಳಿವೆ. ಒಂದು ಸರಳವಾದದ್ದು: ಒಟ್ಟು ಆಸ್ತಿ ನೂರು ರೂಪಾಯಿ ಇದ್ದರೆ ಬಂಡವಾಳವೆಷ್ಟು? ಇನ್ನೊಂದು ತೂಕದ ಗೋಲು. ೧೯೮೮ರಲ್ಲಿ ಸ್ವಿಜರ್ಲಂಡಿನ ಬಾಸೆಲ್ ಪಟ್ಟಣದಲ್ಲಿ ಶ್ರೀಮಂತ ದೇಶಗಳ ಮಧ್ಯವರ್ತಿ ಬ್ಯಾಂಕುಗಳ ಸಮಿತಿಯು ಇದನ್ನು ಗೊತ್ತುಪಡಿಸಿತು. ಎಲ್ಲ ಆಸ್ತಿಯೂ ಒಂದೇ ಬಗೆಯ ಅಪಾಯದ್ದಲ್ಲ. ಸರಕಾರದ ಸಾಲಪತ್ರಕ್ಕೆ ಅಪಾಯವಿಲ್ಲವಾದ್ದರಿಂದ ಅದರ ತೂಕ ಸೊನ್ನೆ, ಮನೆಯ ಅಡವಿನ ಸಾಲಕ್ಕೆ ಅರ್ಧ, ವ್ಯಾಪಾರದ ಸಾಲಕ್ಕೆ ಪೂರ್ಣ. ಹೀಗೆ ತೂಗಿ ಬಂದ ಮೊತ್ತದ ಮೇಲೆ ಬಂಡವಾಳವು ನೂರಕ್ಕೆ ೮ ಇರತಕ್ಕದ್ದು ಎಂದು ಆ ಸಮಿತಿಯ ಮತ. ಭಾರತದಲ್ಲಿ ೧೯೯೧ರ ನರಸಿಂಹಂ ಸಮಿತಿಯ ಸಲಹೆಯಂತೆ ರಿಜರ್ವ್ ಬ್ಯಾಂಕು ೧೯೯೨ರಲ್ಲಿ ಈ ಪದ್ಧತಿಯನ್ನು ತಂದಿತು. ೧೯೯೮ರ ಎರಡನೆಯ ನರಸಿಂಹಂ ಸಮಿತಿಯ ತರುವಾಯ, ೨೦೦೦ದ ಮಾರ್ಚಿನಿಂದ ೮ಕ್ಕೆ ಬದಲಾಗಿ ೯ ಎಂದಾಯಿತು.

ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡೋಣ; ಶಾಲಾ ಮಾಸ್ತರರು ಇದನ್ನು ಹಲಗೆಯ ಮೇಲೆ ಬರೆಯಬಹುದು. ಒಂದು ಬ್ಯಾಂಕಿನ ಆಸ್ತಿ ನೂರು ರೂಪಾಯಿ ಎಂದಿಟ್ಟುಕೊಳ್ಳಿರಿ. ಅದರಲ್ಲಿ ನಗದು ೫, ಸರಕಾರೀ ಸಾಲಪತ್ರ ೨೫, ಮನೆಯ ಸಾಲ ೨೦, ವ್ಯಾಪಾರದ ಸಾಲ ೫೦. ಬಂಡವಾಳ ೬ ರೂಪಾಯಿ. ಉಳಿದ ೯೪ ಠೇವಣಿದಾರರದು. ತೂಕದ ಗೋಲಿನಿಂದ ಅಳೆದರೆ ನಗದು ಮತ್ತು ಸಾಲಪತ್ರ ಸೊನ್ನೆ, ಮನೆಯ ಸಾಲ ೧೦, ವ್ಯಾಪಾರದ ಸಾಲ ೫೦, ಒಟ್ಟು ೬೦. ಅರುವತ್ತಕ್ಕೆ ಆರೆಂದರೆ ನೂರಕ್ಕೆ ಹತ್ತು! ‘ನಮ್ಮ ಬಂಡವಾಳ ನೂರಕ್ಕೆ ಹತ್ತು, ಕಾಯ್ದೆ ಬೇಡುವದು ಒಂಬತ್ತು ಮಾತ್ರ’ ಎಂದು ಬ್ಯಾಂಕು ಎದೆತಟ್ಟಿ ಹೇಳಬಹುದು. ಅದು ಸುಳ್ಳೂ ಅಲ್ಲ. ಆದರೆ ಸರಳ ಗೋಲಿನಿಂದ ಅಳೆದರೆ ಅದು ಆರೇ. ಈಗ ಆ ಬ್ಯಾಂಕು ಕೊಟ್ಟ ೭೦ ರೂಪಾಯಿ ಸಾಲದಲ್ಲಿ ನೂರಕ್ಕೆ ೧೪ರಂತೆ ಸುಮಾರು ೧೦ ರೂಪಾಯಿ ಬಾಕಿ ಬಿದ್ದು, ಅದರಲ್ಲಿ ಅರ್ಧವಷ್ಟೇ ವಸೂಲಾಯಿತೆನ್ನಿರಿ. ನಷ್ಟ ೫ ರೂಪಾಯಿ. ವರುಷದ ಲಾಭದಿಂದ ಅದನ್ನು ತುಂಬಿಕೊಳ್ಳಲು ಆಗದಿದ್ದರೆ ಆರರಲ್ಲಿ ಉಳಿಯುವದು ಒಂದು. ನೂರು ರೂಪಾಯಿಯ ಮಾಳಿಗೆಗೆ ಒಂದು ರೂಪಾಯಿಯ ಕಂಬ!

ಇದು ಕಟ್ಟುಕಥೆಯ ಲೆಕ್ಕವೆಂದು ಯಾರೂ ನಗಬಾರದು. ೨೦೧೮ರ ಮಾರ್ಚಿನ ಕೊನೆಗೆ ನಮ್ಮ ಸರಕಾರೀ ಬ್ಯಾಂಕುಗಳು ಕೊಟ್ಟ ಸಾಲದಲ್ಲಿ ನೂರಕ್ಕೆ ೧೪ಕ್ಕಿಂತಲೂ ಹೆಚ್ಚು ಪಾಲು ಕೆಟ್ಟ ಸಾಲವೆಂದು ಎಣಿಕೆಯಾಗಿತ್ತು. ಆ ಸಾಲಗಳು ಒಂದೇ ದಿನ ಕೆಟ್ಟವಲ್ಲ. ವಿದ್ಯುತ್ತು, ಉಕ್ಕು, ರಸ್ತೆ ಮೊದಲಾದ ದೊಡ್ಡ ಉದ್ಯಮಗಳಿಗೆ ಹಿಂದಿನ ಉತ್ಸಾಹದ ವರುಷಗಳಲ್ಲಿ ಕೊಟ್ಟವು; ಎಷ್ಟೋ ವರುಷ ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸಿದಂತೆ ತೋರಿಸಿ ಮುಚ್ಚಿಟ್ಟವು. ೨೦೧೫ರಲ್ಲಿ ರಿಜರ್ವ್ ಬ್ಯಾಂಕು ಪುಸ್ತಕಗಳನ್ನು ಬಿಚ್ಚಿಸಿ ನೋಡಿದ ಮೇಲೆ ಹುಣ್ಣು ಹೊರಬಿತ್ತು. ಏಕೆ ಮುಚ್ಚಿಟ್ಟರು? ಇಲ್ಲಿಯೇ ಬಂಡವಾಳದ ಮರ್ಮವಿದೆ. ಬಂಡವಾಳವು ತೆಳುವಾಗಿರುವ ಬ್ಯಾಂಕು ಸತ್ಯವನ್ನು ಒಪ್ಪಿಕೊಳ್ಳಲಾರದು. ಕೆಟ್ಟದ್ದನ್ನು ಕೆಟ್ಟದ್ದೆಂದು ಬರೆದರೆ ತಾನೇ ಮುಳುಗುವೆನೆಂಬ ಭಯದಿಂದ ಅದು ಕೆಟ್ಟ ಸಾಲಗಾರನಿಗೆ ಮತ್ತೆ ಸಾಲ ಕೊಡುತ್ತದೆ. ಒಳ್ಳೆಯ ಸಾಲಗಾರನನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸುತ್ತದೆ. ಬಡವನಾದ ಬ್ಯಾಂಕು ಪ್ರಾಮಾಣಿಕವಾಗಿರುವದು ಬಲು ಕಷ್ಟ.

ಬಂಡವಾಳವನ್ನು ಹೆಚ್ಚಿಸಬೇಕೆಂದ ಕೂಡಲೆ ಎರಡು ಆಕ್ಷೇಪಗಳು ಏಳುತ್ತವೆ. ಎರಡೂ ತೂಕವುಳ್ಳ ಆಕ್ಷೇಪಗಳೇ. ಅವುಗಳಿಗೆ ಉತ್ತರ ಹೇಳದೆ ಮುಂದೆ ಹೋಗುವದು ನ್ಯಾಯವಲ್ಲ.

ಮೊದಲನೆಯದು: ‘ಬೆಳೆಯುತ್ತಿರುವ ದೇಶಕ್ಕೆ ಸಾಲ ಬೇಕು. ರೈತನಿಗೆ, ನೇಕಾರನಿಗೆ, ಕಾರಖಾನೆಗೆ ಹಣ ಹರಿಯಬೇಕು. ಬಂಡವಾಳದ ಪ್ರಮಾಣವನ್ನು ಏರಿಸಿದರೆ ಬ್ಯಾಂಕುಗಳು ಸಾಲ ಕೊಡುವದನ್ನು ಕಡಿಮೆ ಮಾಡುತ್ತವೆ. ಶ್ರೀಮಂತ ದೇಶದ ಮಡಿವಂತಿಕೆ ನಮಗೇಕೆ?’ ಇದಕ್ಕೆ ಉತ್ತರವನ್ನು ನಮ್ಮ ದೇಶದ ಇತ್ತೀಚಿನ ಇತಿಹಾಸವೇ ಕೊಟ್ಟಿದೆ. ೨೦೧೭-೧೮ರಲ್ಲಿ ೨೧ ಸರಕಾರೀ ಬ್ಯಾಂಕುಗಳಲ್ಲಿ ೧೧ ಬ್ಯಾಂಕುಗಳನ್ನು ರಿಜರ್ವ್ ಬ್ಯಾಂಕು ತನ್ನ ಕಟ್ಟುನಿಟ್ಟಿನ ಸುಧಾರಣೆಯ ಕ್ರಮಕ್ಕೆ ಒಳಪಡಿಸಿತ್ತು. ಶಾಖೆ ತೆರೆಯುವದಕ್ಕೆ, ಸಾಲ ಹೆಚ್ಚಿಸುವದಕ್ಕೆ, ಲಾಭಾಂಶ ಹಂಚುವದಕ್ಕೆ ತಡೆ ಬಿತ್ತು. ಸಾಲದ ಹರಿವು ಕಟ್ಟಿದ್ದು ಬಂಡವಾಳವು ಹೆಚ್ಚಾದದ್ದರಿಂದಲೋ, ಕಡಿಮೆಯಾದದ್ದರಿಂದಲೋ? ಶ್ರೀಮಂತ ದೇಶಕ್ಕಿಂತ ನಮಗೇ ಎತ್ತರದ ಕಟ್ಟೆ ಬೇಕೆಂಬದಕ್ಕೆ ಇನ್ನೂ ಒಂದು ಕಾರಣವುಂಟು. ವಕೀಲಿಯನ್ನು ಮಾಡುವವರಿಗೆ ಅದು ದಿನನಿತ್ಯದ ಅನುಭವ. ಸಾಲಗಾರನು ತಪ್ಪಿದಾಗ ಬ್ಯಾಂಕಿಗೆ ಎಷ್ಟು ಹಣ ಮರಳುವದೆಂಬದು ಕೋರ್ಟಿನ ವೇಗವನ್ನು ಅವಲಂಬಿಸಿರುತ್ತದೆ. ೧೯೯೩ರಲ್ಲಿ ಸಾಲ ವಸೂಲಿಗೆಂದೇ ಪ್ರತ್ಯೇಕ ನ್ಯಾಯಮಂಡಳಿಗಳು ಆದವು; ೨೦೦೨ರಲ್ಲಿ ಕೋರ್ಟಿಗೆ ಹೋಗದೆ ಅಡವಿನ ಆಸ್ತಿಯನ್ನು ವಶಪಡಿಸಿಕೊಳ್ಳುವ ಕಾಯ್ದೆ ಆಯಿತು; ೨೦೧೬ರಲ್ಲಿ ದಿವಾಳಿ ಸಂಹಿತೆ ಬಂತು. ಒಂದು ಸಾಲದೆಂದು ಇನ್ನೊಂದು ಕಾಯ್ದೆ ಬಂದದ್ದೇ ರೋಗವು ಎಷ್ಟು ಹಳೆಯದೆಂಬದಕ್ಕೆ ಸಾಕ್ಷಿ. ಎಲ್ಲಿ ತೀರ್ಪು ತಡವಾಗುವದೋ, ಎಲ್ಲಿ ಅಡವಿಟ್ಟ ಆಸ್ತಿಯ ದರವು ವ್ಯಾಜ್ಯದ ಕಾಲದಲ್ಲಿ ಕರಗುವದೋ, ಅಲ್ಲಿ ಅದೇ ಸಾಲಕ್ಕೆ ಹೆಚ್ಚಿನ ನಷ್ಟ. ಹೆಚ್ಚಿನ ನಷ್ಟಕ್ಕೆ ಹೆಚ್ಚಿನ ಬಂಡವಾಳ. ಬಾಸೆಲ್ಲಿನ ೮ಕ್ಕೆ ಬದಲು ರಿಜರ್ವ್ ಬ್ಯಾಂಕು ೯ನ್ನು ಇಟ್ಟದ್ದು ವಿವೇಕವೇ ಸರಿ. ಮೇಲೆ ಇನ್ನೂ ಎರಡೂವರೆಯ ರಕ್ಷಣೆಯ ಪದರವನ್ನು ಸೇರಿಸಿ, ೨೦೨೧ರ ಅಕ್ಟೋಬರದಿಂದ ವಾಣಿಜ್ಯ ಬ್ಯಾಂಕುಗಳಿಗೆ ಒಟ್ಟು ಹನ್ನೊಂದೂವರೆ ಎಂದು ಆಗಿದೆ.

ಎರಡನೆಯ ಆಕ್ಷೇಪ: ‘ಸರಕಾರೀ ಬ್ಯಾಂಕಿಗೆ ಬಂಡವಾಳವೇಕೆ? ಹಿಂದೆ ಸರಕಾರವೇ ನಿಂತಿದೆಯಲ್ಲ?’ ಈ ಮಾತು ಜನರ ಬಾಯಲ್ಲಿ ಎಷ್ಟು ರೂಢವಾಗಿದೆಯೆಂದರೆ ಇದನ್ನು ಪ್ರಶ್ನಿಸುವದೇ ವಿಚಿತ್ರವೆನಿಸುತ್ತದೆ. ೧೯೬೯ರ ಜುಲೈ ೧೯ರಂದು ೧೪ ಬ್ಯಾಂಕುಗಳೂ, ೧೯೮೦ರ ಏಪ್ರಿಲ್ ೧೫ರಂದು ಮತ್ತೆ ೬ ಬ್ಯಾಂಕುಗಳೂ ರಾಷ್ಟ್ರೀಕರಣಗೊಂಡವು. ಶಾಖೆಗಳು ಹಳ್ಳಿ ಹಳ್ಳಿಗೆ ಹೋದವು. ಅದು ದೊಡ್ಡ ಸೇವೆ, ಅದನ್ನು ಅಲ್ಲಗಳೆಯುವದಿಲ್ಲ. ಆದರೆ ಠೇವಣಿಯೂ ಸಾಲವೂ ಬೆಳೆದ ಪ್ರಮಾಣದಲ್ಲಿ ಬಂಡವಾಳವು ಬೆಳೆಯಲಿಲ್ಲ. ಸರಕಾರವು ಹಿಂದೆ ನಿಂತಿದೆ ಎಂದರೆ ಅರ್ಥವೇನು? ಸರಕಾರಕ್ಕೆ ತನ್ನದೆಂಬ ಹೊಲವಿಲ್ಲ, ಮಳಿಗೆಯಿಲ್ಲ. ಇರುವದು ನಮ್ಮ ತೆರಿಗೆ. ೨೦೧೬-೧೭ರಿಂದ ೨೦೨೦-೨೧ರ ವರೆಗಿನ ಐದು ವರುಷಗಳಲ್ಲಿ ಸರಕಾರವು ತನ್ನ ಬ್ಯಾಂಕುಗಳಿಗೆ ಸುಮಾರು ೩ ಲಕ್ಷ ೧೦ ಸಾವಿರ ಕೋಟಿ ರೂಪಾಯಿ ಬಂಡವಾಳವನ್ನು ತುಂಬಿತು. ಅದರಲ್ಲಿ ಬಹುಪಾಲು ಸಾಲಪತ್ರಗಳ ಮೂಲಕ: ಸರಕಾರವು ಬ್ಯಾಂಕಿಗೆ ಸಾಲಪತ್ರ ಬರೆದುಕೊಟ್ಟು ಹಣ ಪಡೆಯುವದು; ಅದೇ ಹಣವನ್ನು ಬಂಡವಾಳವೆಂದು ಬ್ಯಾಂಕಿಗೆ ಹಿಂದಕ್ಕೆ ಕೊಡುವದು; ಬಡ್ಡಿಯನ್ನು ವರುಷ ವರುಷ ಬೊಕ್ಕಸದಿಂದ ತೆರುವದು. ಯಾವ ಉಕ್ಕಿನ ಕಾರಖಾನೆಯ ಬಾಗಿಲನ್ನೂ ಕಾಣದ ಬಿಜಾಪುರದ ಕೂಲಿಕಾರನು ಸಾಬೂನು ಕೊಳ್ಳುವಾಗ ತೆರುವ ತೆರಿಗೆಯಲ್ಲಿ ಆ ಕಾರಖಾನೆಯ ಕೆಟ್ಟ ಸಾಲದ ಪಾಲು ಇದೆ. ಬಂಡವಾಳವನ್ನು ಮೊದಲೇ ಇಡದಿದ್ದರೆ ಬಳಿಕ ಇಡಬೇಕಾಗುತ್ತದೆ. ಮೊದಲು ಇಟ್ಟರೆ ಒಡೆಯನು ಇಡುತ್ತಾನೆ, ಬಳಿಕವಾದರೆ ಬಡವನು ಇಡುತ್ತಾನೆ. ಇಷ್ಟೇ ವ್ಯತ್ಯಾಸ.

ಬಂಡವಾಳಕ್ಕೆ ಬದಲಾಗಿ ವಿಲೀನವನ್ನು ಔಷಧವೆಂದು ಕೊಡುವ ರೂಢಿಯೂ ಬಂದಿದೆ. ಈ ಮಾತು ಕನ್ನಡಿಗರ ಮರ್ಮಕ್ಕೆ ತಾಗುವಂಥದು. ಅಂದು ಮದ್ರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡವು ಬ್ಯಾಂಕುಗಳ ತವರು. ೧೯೦೬ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕಾರ್ಪೊರೇಶನ್ ಬ್ಯಾಂಕು, ಅದೇ ವರುಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರಿಂದ ಕೆನರಾ ಬ್ಯಾಂಕು, ೧೯೨೪ರಲ್ಲಿ ಕರ್ಣಾಟಕ ಬ್ಯಾಂಕು, ೧೯೨೫ರಲ್ಲಿ ಉಡುಪಿಯ ಸಿಂಡಿಕೇಟ್, ೧೯೩೧ರಲ್ಲಿ ಎ. ಬಿ. ಶೆಟ್ಟರ ವಿಜಯಾ ಬ್ಯಾಂಕು. ಸಿಂಡಿಕೇಟ್ ಸಂಸ್ಥೆಯು ೮ ಸಾವಿರ ರೂಪಾಯಿ ಬಂಡವಾಳದಿಂದ ಹುಟ್ಟಿ, ೧೯೨೮ರಿಂದ ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಠೇವಣಿಯನ್ನು ಕೂಡಿಸಿತು. ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ೧೯೧೩ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. ಇವುಗಳಲ್ಲಿ ಮೈಸೂರು ಬ್ಯಾಂಕು ೨೦೧೭ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿಯೂ, ವಿಜಯಾ ಬ್ಯಾಂಕು ೨೦೧೯ರಲ್ಲಿ ಬರೋಡಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ೨೦೨೦ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿಯೂ ಕರಗಿದವು. ಸಿಂಡಿಕೇಟ್ ಅದೇ ವರುಷ ಕೆನರಾ ಬ್ಯಾಂಕನ್ನು ಸೇರಿತು.

ಹೆಸರು ಹೋದದ್ದಕ್ಕೆ ಕಣ್ಣೀರು ಹಾಕುವದು ನಮ್ಮ ಉದ್ದೇಶವಲ್ಲ, ಲೆಕ್ಕವನ್ನೇ ಕೇಳುತ್ತೇವೆ. ೨೦೧೭-೧೮ರಲ್ಲಿ ೨೧ ಸರಕಾರೀ ಬ್ಯಾಂಕುಗಳ ಪೈಕಿ ಲಾಭ ಗಳಿಸಿದವು ಎರಡೇ: ಇಂಡಿಯನ್ ಬ್ಯಾಂಕು ಮತ್ತು ನಮ್ಮ ವಿಜಯಾ ಬ್ಯಾಂಕು. ಆ ಗಟ್ಟಿ ಬ್ಯಾಂಕನ್ನು, ಸುಧಾರಣೆಯ ಕ್ರಮದಡಿ ಸಿಕ್ಕಿದ್ದ ದೇನಾ ಬ್ಯಾಂಕಿನೊಡನೆ, ಮೂರನೆಯದೊಂದರಲ್ಲಿ ಸೇರಿಸಿದರು. ನೂರಕ್ಕೆ ಆರರ ಬಂಡವಾಳವುಳ್ಳ ಬ್ಯಾಂಕನ್ನೂ ಎರಡರ ಬಂಡವಾಳವುಳ್ಳ ಅಷ್ಟೇ ದೊಡ್ಡ ಬ್ಯಾಂಕನ್ನೂ ಕೂಡಿಸಿದರೆ ನಾಲ್ಕು ಆಗುತ್ತದೆಯೇ ಹೊರತು ಎಂಟು ಆಗುವದಿಲ್ಲ. ಆ ವಿಲೀನಕ್ಕಾಗಿ ಬರೋಡಾ ಬ್ಯಾಂಕಿಗೆ ಸರಕಾರವು ೫ ಸಾವಿರ ಕೋಟಿಗೂ ಮಿಕ್ಕಿ ಬಂಡವಾಳವನ್ನು ಕೊಡಬೇಕಾಗಿ ಬಂದದ್ದೇ ಇದಕ್ಕೆ ಸಾಕ್ಷಿ. ಪುಸ್ತಕಗಳನ್ನು ಹೊಲಿದರೆ ಬಂಡವಾಳ ಹುಟ್ಟುವದಿಲ್ಲ.

ಖಾಸಗಿ ಬ್ಯಾಂಕುಗಳ ಪಾಠವೂ ಕಣ್ಣೆದುರಿಗಿದೆ. ತಮಿಳುನಾಡಿನ ಕರೂರಿನಲ್ಲಿ ೧೯೨೬ರಲ್ಲಿ ಹುಟ್ಟಿದ ಲಕ್ಷ್ಮೀ ವಿಲಾಸ ಬ್ಯಾಂಕಿನ ಬಂಡವಾಳದ ಪ್ರಮಾಣವು ೨೦೨೦ರಲ್ಲಿ ಸೊನ್ನೆಗಿಂತ ಕೆಳಗೆ ಇಳಿಯಿತು. ಆ ವರುಷದ ನವೆಂಬರದಲ್ಲಿ ಅದನ್ನು ಡಿ.ಬಿ.ಎಸ್. ಬ್ಯಾಂಕಿಗೆ ಒಪ್ಪಿಸಿದರು. ಠೇವಣಿದಾರರು ಉಳಿದರು, ಪಾಲುದಾರರ ಶೇರುಗಳು ಒಂದು ಕಾಸೂ ಇಲ್ಲದೆ ರದ್ದಾದವು. ನ್ಯಾಯದ ಕ್ರಮವೇ ಅದು: ಲಾಭವನ್ನು ಉಂಡವನು ನಷ್ಟವನ್ನೂ ಮೊದಲು ಉಣ್ಣತಕ್ಕದ್ದು.

ಎಲ್ಲಕ್ಕಿಂತ ಹೆಚ್ಚು ಚಿಂತೆಯನ್ನು ಹುಟ್ಟಿಸುವವು ಪಟ್ಟಣಗಳ ಸಹಕಾರಿ ಬ್ಯಾಂಕುಗಳು. ವೃದ್ಧರು, ನಿವೃತ್ತ ಶಿಕ್ಷಕರು, ಸಣ್ಣ ವರ್ತಕರು ಅರ್ಧ ಶೇಕಡಾ ಹೆಚ್ಚಿನ ಬಡ್ಡಿಗಾಗಿಯೂ ಪರಿಚಿತ ಮುಖಗಳ ನಂಬಿಗೆಯಿಂದಲೂ ತಮ್ಮ ಗಂಟನ್ನು ಅಲ್ಲಿಯೇ ಇಡುತ್ತಾರೆ. ೨೦೧೯ರ ಸಪ್ಟಂಬರದಲ್ಲಿ ಮುಂಬಯಿಯ ಪಂಜಾಬ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಠೇವಣಿದಾರರಿಗೆ ಮೊದಲು ದೊರೆತ ಅಪ್ಪಣೆ ಒಂದು ಸಾವಿರ ರೂಪಾಯಿ. ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನವರಿಗೆ ೩೫ ಸಾವಿರ. ಇಂಥ ಬ್ಯಾಂಕುಗಳ ಬಂಡವಾಳದಲ್ಲಿಯೇ ಒಂದು ಹುಟ್ಟು ದೋಷವಿದೆ. ಸಾಲ ಬೇಕಾದವನು ಸಾಲದೊಡನೆ ಶೇರನ್ನೂ ಕೊಳ್ಳುತ್ತಾನೆ; ಸಾಲ ತೀರಿದ ಮೇಲೆ ಶೇರಿನ ಹಣವನ್ನು ಹಿಂದಕ್ಕೆ ಕೇಳುತ್ತಾನೆ. ಒಳ್ಳೆಯ ಸಾಲಗಾರನು ಹೋಗುವಾಗ ಬಂಡವಾಳವನ್ನೂ ಕಟ್ಟಿಕೊಂಡು ಹೋಗುತ್ತಾನೆ. ಕೆಟ್ಟ ಸಾಲಗಾರನು ಉಳಿಯುತ್ತಾನೆ. ಆದ್ದರಿಂದಲೇ ಹಿರಿಯರು ಲಾಭದ ಒಂದು ಪಾಲನ್ನು ಯಾರೂ ಮುಟ್ಟದಂತೆ ಮೀಸಲು ನಿಧಿಗೆ, ನಮ್ಮ ಕಡೆಯ ಮಾತಿನಲ್ಲಿ ಗಂಗಾಜಳಿಗೆ, ಹಾಕುತ್ತಿದ್ದರು. ೨೦೨೨ರಲ್ಲಿ ರಿಜರ್ವ್ ಬ್ಯಾಂಕು ಸಣ್ಣ ಸಹಕಾರಿ ಬ್ಯಾಂಕುಗಳಿಗೆ ೯, ದೊಡ್ಡವುಗಳಿಗೆ ೨೦೨೬ರ ಮಾರ್ಚಿನ ಒಳಗಾಗಿ ಹಂತ ಹಂತವಾಗಿ ೧೨ ಎಂದು ವಿಧಿಸಿದ್ದನ್ನು ಕೆಲವು ಸಹಕಾರಿ ಧುರೀಣರು ಕಾಟವೆಂದು ಗೊಣಗಿದರೂ ನಾವು ಹೃತ್ಪೂರ್ವಕವಾಗಿ ಬೆಂಬಲಿಸುತ್ತೇವೆ.

‘ವಿಮೆಯಿದೆಯಲ್ಲ’ ಎಂಬವರುಂಟು. ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ೧೯೬೦ರಲ್ಲಿ ಮುಳುಗಿದ ತರುವಾಯ ೧೯೬೨ರಿಂದ ಠೇವಣಿ ವಿಮೆ ಬಂತು; ಅಂದು ೧,೫೦೦ ರೂಪಾಯಿ ಇದ್ದ ಮಿತಿಯು ೨೦೨೦ರ ಫೆಬ್ರುವರಿಯಿಂದ ೫ ಲಕ್ಷವಾಗಿದೆ. ಒಳ್ಳೆಯದೇ. ಆದರೆ ವಿಮೆಯು ಮನೆ ಸುಟ್ಟ ಬಳಿಕ ಬರುವ ಪರಿಹಾರ. ಬಂಡವಾಳವು ಬೆಂಕಿ ಹತ್ತದಂತೆ ಕಟ್ಟಿದ ಗೋಡೆ. ನಿವೃತ್ತನಾಗಿ ಒಂದೇ ಬಾರಿಗೆ ಬಂದ ಇಪ್ಪತ್ತು ಲಕ್ಷವನ್ನು ಒಂದೇ ಬ್ಯಾಂಕಿನಲ್ಲಿ ಇಟ್ಟವನಿಗೆ ಐದು ಲಕ್ಷದ ವಿಮೆಯು ಕಾಲುಭಾಗದ ಸಮಾಧಾನ.

ಹಾಗಾದರೆ ಬೇಡುವದೇನು? ಮೊದಲನೆಯದಾಗಿ, ತೂಕದ ಗೋಲಿನ ಜೊತೆಗೆ ಸರಳ ಗೋಲಿಗೂ ಬಲ ಬರಬೇಕು. ೨೦೧೯ರ ಅಕ್ಟೋಬರದಿಂದ ರಿಜರ್ವ್ ಬ್ಯಾಂಕು ತೂಕವಿಲ್ಲದ ಆಸ್ತಿಯ ಮೇಲೆ ಅತಿ ದೊಡ್ಡ ಬ್ಯಾಂಕುಗಳಿಗೆ ನೂರಕ್ಕೆ ೪, ಮಿಕ್ಕವುಗಳಿಗೆ ಮೂರೂವರೆ ಎಂದು ಇಟ್ಟಿದೆ. ಇದು ಸಾಲದು. ಸಾಲ ಮುಳುಗುವ ಸಂಭವ ಹೆಚ್ಚಾಗಿರುವ ದೇಶದಲ್ಲಿ ಐದಕ್ಕೆ ಕಡಿಮೆ ಇರಲಾಗದು. ಒಳ್ಳೆಯ ಬ್ಯಾಂಕುಗಳು ಅದನ್ನು ಈಗಾಗಲೇ ದಾಟಿವೆ, ಕಷ್ಟವಾಗುವದು ಕೆಟ್ಟವುಗಳಿಗೆ ಮಾತ್ರ. ಸರಕಾರೀ ಪತ್ರದ ತೂಕ ಸೊನ್ನೆಯೆಂಬದನ್ನೂ ಕುರುಡಾಗಿ ನಂಬಬಾರದು: ೨೦೨೩ರ ಮಾರ್ಚಿನಲ್ಲಿ ಅಮೇರಿಕೆಯ ಸಿಲಿಕಾನ್ ವ್ಯಾಲಿ ಬ್ಯಾಂಕು ಮುಳುಗಿದ್ದು ಕೆಟ್ಟ ಸಾಲಗಾರರಿಂದಲ್ಲ, ಬಡ್ಡಿಯ ದರ ಏರಿ, ಅದರ ಕೈಯಲ್ಲಿದ್ದ ಭದ್ರವಾದ ಪತ್ರಗಳ ಬೆಲೆಯೇ ಇಳಿದು, ಠೇವಣಿದಾರರು ಓಡಿದ್ದರಿಂದ.

ಎರಡನೆಯದಾಗಿ, ಒಳ್ಳೆಯ ಕಾಲದಲ್ಲಿ ಕಟ್ಟೆಯನ್ನು ಎತ್ತರಿಸಬೇಕು. ೨೦೨೪ರ ಮಾರ್ಚಿನ ಕೊನೆಗೆ ನಮ್ಮ ವಾಣಿಜ್ಯ ಬ್ಯಾಂಕುಗಳ ಬಂಡವಾಳವು ತೂಕದ ಗೋಲಿನ ಮೇಲೆ ೧೬.೮ಕ್ಕೆ ಏರಿತ್ತು, ಕೆಟ್ಟ ಸಾಲವು ೨.೮ಕ್ಕೆ ಇಳಿದಿತ್ತು. ಸಂತೋಷದ ಸಂಗತಿ. ಆದರೆ ಲಾಭಾಂಶವನ್ನು ಬಾಚಿ ಹಂಚುವ ಆತುರವೂ ಇಂಥ ಕಾಲದಲ್ಲಿಯೇ ಹುಟ್ಟುತ್ತದೆ. ಉತ್ಸಾಹದಿಂದ ಕೊಡುವ ಸಾಲವೇ ಮುಂದೆ ಕೆಡುವ ಸಾಲ. ಕೆರೆಯ ಕಟ್ಟೆಯನ್ನು ಬೇಸಿಗೆಯಲ್ಲಿ ದುರಸ್ತಿ ಮಾಡತಕ್ಕದ್ದೇ ಹೊರತು ಕೋಡಿ ಬಿದ್ದ ಮೇಲಲ್ಲ. ಒಳ್ಳೆಯ ದಿನಗಳಲ್ಲಿ ಹೆಚ್ಚಿನ ಬಂಡವಾಳವನ್ನು ಕೂಡಿಸಿ ಕೆಟ್ಟ ದಿನಗಳಲ್ಲಿ ಬಳಸುವ ವ್ಯವಸ್ಥೆಯನ್ನು ರಿಜರ್ವ್ ಬ್ಯಾಂಕು ೨೦೧೫ರಲ್ಲಿಯೇ ರಚಿಸಿಟ್ಟಿದೆ. ಶಸ್ತ್ರವು ಒರೆಯಲ್ಲಿಯೇ ತುಕ್ಕು ಹಿಡಿಯಬಾರದು.

ಮೂರನೆಯದಾಗಿ, ಈ ಲೆಕ್ಕವು ಜನರ ಭಾಷೆಯಲ್ಲಿ ಜನರಿಗೆ ಕಾಣಬೇಕು. ಬ್ಯಾಂಕುಗಳ ವಾರ್ಷಿಕ ವರದಿಗಳು ಇಂಗ್ಲಿಷಿನಲ್ಲಿಯೂ, ಸರಕಾರೀ ಬ್ಯಾಂಕುಗಳದಾದರೆ ಹಿಂದಿಯಲ್ಲಿಯೂ ಅಚ್ಚಾಗುತ್ತವೆ. ಕನ್ನಡ ನಾಡಿನಲ್ಲಿ ಕನ್ನಡಿಗರ ಠೇವಣಿಯನ್ನು ಕೂಡಿಸುವ ಪ್ರತಿಯೊಂದು ಶಾಖೆಯ ಗೋಡೆಯ ಮೇಲೆ ಬಡ್ಡಿಯ ದರದ ಪಕ್ಕದಲ್ಲಿ ಮೂರು ಅಂಕಿಗಳು ಕನ್ನಡದಲ್ಲಿ ಇರಲಿ: ನೂರು ರೂಪಾಯಿ ಆಸ್ತಿಗೆ ನಮ್ಮ ಬಂಡವಾಳವೆಷ್ಟು, ನೂರು ರೂಪಾಯಿ ಸಾಲದಲ್ಲಿ ಕೆಟ್ಟದ್ದೆಷ್ಟು, ಈ ವರುಷ ಮೀಸಲಿಗೆ ಹಾಕಿದ್ದೆಷ್ಟು. ಖರ್ಚು ಒಂದು ಹಲಗೆ, ಒಂದು ತುಂಡು ಸೀಮೆಸುಣ್ಣ.

ಸಹಕಾರಿ ಬ್ಯಾಂಕಿನ ಸರ್ವಸಾಧಾರಣ ಸಭೆಗೆ ಹೋಗಿ ಉಪಾಹಾರ ಮುಗಿಸಿ ಬರುವ ಸಭಾಸದರೇ, ಮುಂದಿನ ಸಭೆಯಲ್ಲಿ ಎದ್ದು ನಿಂತು ಈ ಮೂರು ಅಂಕಿಗಳನ್ನು ಕೇಳಿರಿ. ಶಿಕ್ಷಕ ಮಹಾಶಯರೇ, ಶೇಕಡಾವಾರಿ ಲೆಕ್ಕವನ್ನು ಕಲಿಸುವಾಗ ನೂರಕ್ಕೆ ಆರರ ಆ ಬ್ಯಾಂಕನ್ನು ಉದಾಹರಣೆಯಾಗಿ ಕೊಡಿರಿ; ನಾಳೆಯ ಠೇವಣಿದಾರನು ಇಂದು ನಿಮ್ಮ ಮುಂದೆ ಹಲಗೆ ಹಿಡಿದು ಕುಳಿತಿದ್ದಾನೆ. ಕೇಳುವ ಜನರಿರುವಲ್ಲಿ ಲೆಕ್ಕವು ನೆಟ್ಟಗಿರುತ್ತದೆ. ಕೇಳುವವರಿಲ್ಲದ ಮನೆಯ ಕಣಜವನ್ನು ಇಲಿಗಳು ಮೊದಲು ಕಾಣುತ್ತವೆ.